ಫ್ರೆಂಚ್ ಗುಣವಾಚಕ ಕಲಿಸುವ ಆ್ಯಪ್: ಚಂದಾ ಕಟ್ಟುವ ಮುನ್ನ ನೋಡಬೇಕಾದದ್ದು

ಫ್ರೆಂಚ್ ಕಲಿಸುತ್ತೇವೆ ಎನ್ನುವ ಯಾವುದೇ ಪುಸ್ತಕ, ತರಗತಿ ಅಥವಾ ಆ್ಯಪ್ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಬೇಕಾದರೆ ಅದರ ಗುಣವಾಚಕದ ಪಾಠವನ್ನು ತೆರೆದು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಕ್ರಿಯಾಪದದ ರೂಪಗಳನ್ನು ಕೋಷ್ಟಕದಲ್ಲಿ ಹಾಕಿ ಕಂಠಪಾಠ ಮಾಡಿಸಿಬಿಡಬಹುದು, ದಿನಬಳಕೆಯ ಮಾತುಗಳನ್ನು ಚಿತ್ರ ತೋರಿಸಿ ಕಲಿಸಬಹುದು. ಗುಣವಾಚಕದಲ್ಲಿ ಹಾಗಲ್ಲ, ಅಲ್ಲಿ ಲಿಂಗ, ವಚನ, ಉಚ್ಚಾರಣೆ, ಪದದ ಸ್ಥಾನ, ಅರ್ಥದ ಸೂಕ್ಷ್ಮ ಎಲ್ಲವೂ ಒಂದೇ ಕಡೆ ಬಂದು ಸೇರುವುದರಿಂದ ಕಲಿಸುವವರ ತಯಾರಿ ಎಷ್ಟರದು ಎಂಬುದು ಅಲ್ಲಿಯೇ ಬಯಲಾಗುತ್ತದೆ. ಈಚೆಗೆ ನಾನು ವಾರ್ಷಿಕ ಚಂದಾ ಕಟ್ಟಿ ಬಳಸಿದ ಒಂದು ಫ್ರೆಂಚ್ ಕಲಿಕೆಯ ಆ್ಯಪ್ ಅನ್ನು ಈ ಒಂದೇ ಒರೆಗಲ್ಲಿಗೆ ಹಚ್ಚಿ ನೋಡಿದ್ದೇನೆ. ಆ್ಯಪ್‌ನ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇದರಲ್ಲಿ ಕಂಡ ಗುಣದೋಷಗಳಲ್ಲಿ ಬಹುಪಾಲು ಇದೇ ಅಚ್ಚಿನ ಇತರ ಆ್ಯಪ್‌ಗಳಲ್ಲಿಯೂ ಇರುವುದರಿಂದ, ಹೆಸರಿಗಿಂತ ಏನನ್ನು ನೋಡಿ ಹಣ ಕೊಡಬೇಕು ಎಂಬುದು ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಇಂಥ ಆ್ಯಪ್‌ಗಳಿಗೆ ನಮ್ಮಲ್ಲಿ ಗಿರಾಕಿಗಳು ಕಡಿಮೆಯಿಲ್ಲ. ಬೆಂಗಳೂರಿನ ಪಿಯುಸಿ ಮತ್ತು ಪದವಿ ಕಾಲೇಜುಗಳಲ್ಲಿ ಫ್ರೆಂಚ್ ಅನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಮೊದಲಿನಿಂದಲೂ ಇದ್ದಾರೆ. 2023ರಲ್ಲಿ ಕೆನಡಾ ತನ್ನ ಎಕ್ಸ್‌ಪ್ರೆಸ್ ಎಂಟ್ರಿ ವಲಸೆ ವ್ಯವಸ್ಥೆಯಲ್ಲಿ ಫ್ರೆಂಚ್ ಬಲ್ಲವರಿಗಾಗಿ ಪ್ರತ್ಯೇಕ ಆಯ್ಕೆ ಸುತ್ತುಗಳನ್ನು ಆರಂಭಿಸಿದ ಮೇಲೆ, ಅಲ್ಲಿಗೆ ಹೋಗಬೇಕೆಂದಿರುವ ಎಂಜಿನಿಯರುಗಳೂ ನರ್ಸುಗಳೂ ಟೆಫ್ ಮತ್ತು ಟಿಸಿಎಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಗಳಿಗೆ ಓದತೊಡಗಿದ್ದಾರೆ. ಆ ಪರೀಕ್ಷೆಗಳಲ್ಲಿ ಓದು, ಬರಹಗಳಷ್ಟೇ ಕೇಳುವುದೂ ಮಾತನಾಡುವುದೂ ಮುಖ್ಯ. ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಮಾತುಗಳನ್ನು ಓದಬೇಕು.

ಆ್ಯಪ್ ಚೆನ್ನಾಗಿ ಮಾಡಿರುವ ಕೆಲಸವನ್ನು ಮೊದಲು ಹೇಳುವುದು ನ್ಯಾಯ. ಫ್ರೆಂಚ್ ಗುಣವಾಚಕವು ತಾನು ಬಣ್ಣಿಸುವ ನಾಮಪದದ ಲಿಂಗವಚನಗಳಿಗೆ ಹೊಂದಿಕೊಳ್ಳಬೇಕು, ಆದ್ದರಿಂದ ಬರಹದಲ್ಲಿ ಅದಕ್ಕೆ ಸಾಮಾನ್ಯವಾಗಿ ನಾಲ್ಕು ರೂಪಗಳಿರುತ್ತವೆ ಎಂಬ ಮೂಲ ಸಂಗತಿಯನ್ನು ಅದು ಸ್ಪಷ್ಟವಾಗಿ ಕಲಿಸುತ್ತದೆ. ಪುಲ್ಲಿಂಗದ ರೂಪಕ್ಕೆ ಇ ಅಕ್ಷರ ಸೇರಿದರೆ ಸ್ತ್ರೀಲಿಂಗ, ಎಸ್ ಅಕ್ಷರ ಸೇರಿದರೆ ಬಹುವಚನ, ಎರಡೂ ಸೇರಿದರೆ ಸ್ತ್ರೀಲಿಂಗದ ಬಹುವಚನ. ಪುಲ್ಲಿಂಗದ ರೂಪವೇ ಇ ಅಕ್ಷರದಲ್ಲಿ ಮುಗಿದಿದ್ದರೆ, ಕೆಂಪು ಎಂಬ ಅರ್ಥದ 'ರೂಜ್' ಪದದಂತೆ, ಎರಡೂ ಲಿಂಗಗಳಿಗೆ ಒಂದೇ ರೂಪ. ಅಭ್ಯಾಸದ ವಾಕ್ಯಗಳು ಸಾಕಷ್ಟಿವೆ, ತಪ್ಪಿದ ವಾಕ್ಯ ಕೆಲವು ಪಾಠಗಳ ನಂತರ ತಾನಾಗಿ ಮತ್ತೆ ಎದುರಾಗುತ್ತದೆ, ಧ್ವನಿಮುದ್ರಣಗಳು ಯಂತ್ರದವಲ್ಲ, ಮನುಷ್ಯರವು. ಬಣ್ಣಗಳ ಪಾಠವಂತೂ ಅಚ್ಚುಕಟ್ಟಾಗಿದೆ. ಹಣ್ಣುಕಾಯಿಗಳ ಹೆಸರಿನಿಂದ ಬಂದ 'ಒರಾಂಜ್' ಮತ್ತು 'ಮರೋಂ' ಎಂಬ ಬಣ್ಣಗಳು ಯಾವ ಲಿಂಗವಚನಕ್ಕೂ ಬದಲಾಗುವುದಿಲ್ಲ, ಆದರೆ ಹೂವಿನ ಹೆಸರಿನಿಂದ ಬಂದ 'ರೋಜ್' ಮಾತ್ರ ಬಹುವಚನದಲ್ಲಿ ಎಸ್ ಪಡೆಯುತ್ತದೆ, 'ಬ್ಲೋ ಕ್ಲೆರ್' ಎಂಬ ತಿಳಿನೀಲಿಯಂಥ ಜೋಡಿಪದ ಎಲ್ಲಿಯೂ ಅಲುಗದೆ ನಿಲ್ಲುತ್ತದೆ ಎಂಬುದನ್ನೆಲ್ಲ ಅಂಗಿ, ಚೀಲ, ಬೂಟುಗಳ ಚಿತ್ರಗಳೊಂದಿಗೆ ಒಂದೇ ಪಾಠದಲ್ಲಿ ಮುಗಿಸಿದ್ದಾರೆ. ಇದಕ್ಕಿಂತ ಹೆಚ್ಚು ಬೇಕಿಲ್ಲ.

ತೊಡಕು ಇರುವುದು ಅಡಿಪಾಯದಲ್ಲಿ. ಪುಲ್ಲಿಂಗದಿಂದ ಸ್ತ್ರೀಲಿಂಗಕ್ಕೆ ಹೋಗುವ ಈ ನಿಯಮ ಕಣ್ಣಿಗೆ ಹೇಳಿದ ನಿಯಮವೇ ಹೊರತು ಕಿವಿಗೆ ಹೇಳಿದ್ದಲ್ಲ. ಫ್ರೆಂಚ್ ಬರಹದ ಕೊನೆಯ ವ್ಯಂಜನಗಳಲ್ಲಿ ಹಲವು ಉಚ್ಚಾರವಾಗುವುದಿಲ್ಲ. ಅವುಗಳ ನಂತರ ಇ ಬಂದಾಗ ಮಾತ್ರ ಬಾಯಿ ಬಿಡುತ್ತವೆ. ಹೀಗಾಗಿ ಚಿಕ್ಕದು ಎಂಬ ಅರ್ಥದ ಪದ ಪುಲ್ಲಿಂಗದಲ್ಲಿ 'ಪೆತಿ', ಸ್ತ್ರೀಲಿಂಗದಲ್ಲಿ 'ಪೆತೀತ್'. ದೊಡ್ಡದು 'ಗ್ರಾಂ', 'ಗ್ರಾಂದ್'. ಬಿಳಿಯದು 'ಬ್ಲಾಂ', 'ಬ್ಲಾಂಶ್'. ಹಸಿರು 'ವೆರ್', 'ವೆರ್ತ್'. ಬೂದು 'ಗ್ರಿ', 'ಗ್ರೀಜ್'. ಬಿಸಿ 'ಶೋ', 'ಶೋದ್'. ದಪ್ಪ 'ಗ್ರೋ', 'ಗ್ರೋಸ್'. ಉದ್ದ 'ಲೋಂ', 'ಲೋಂಗ್'. ಪುಲ್ಲಿಂಗದ ರೂಪವನ್ನಷ್ಟೇ ಕೇಳಿದವನಿಗೆ ಸ್ತ್ರೀಲಿಂಗದಲ್ಲಿ ತ್ ಬರುತ್ತದೋ, ಜ್ ಬರುತ್ತದೋ, ಶ್ ಬರುತ್ತದೋ ಊಹಿಸಲು ದಾರಿಯೇ ಇಲ್ಲ. ಬದಲಿಗೆ ಸ್ತ್ರೀಲಿಂಗದ ರೂಪವನ್ನು ಮೊದಲು ಕಲಿತವನು ಕೊನೆಯ ವ್ಯಂಜನವನ್ನು ಬಿಟ್ಟರೆ ಸಾಕು, ಪುಲ್ಲಿಂಗ ಸಿಕ್ಕಿತು. ಮಾತಿನ ಫ್ರೆಂಚ್ ಅನ್ನು ವಿವರಿಸಿದ ಭಾಷಾವಿಜ್ಞಾನಿಗಳಲ್ಲಿ ಹಲವರು ಹಿಡಿದಿರುವ ದಾರಿ ಇದೇ. ಎಲ್ಲ ಪದಗಳಿಗೂ ಇದು ಒಪ್ಪುವುದಿಲ್ಲ ಎಂಬುದು ನಿಜ. 'ನ್ವಾರ್' ಎಂಬ ಕಪ್ಪಿಗೆ ಬರಹದಲ್ಲಿ ಎರಡು ರೂಪಗಳಿದ್ದರೂ ಕಿವಿಗೆ ಒಂದೇ, 'ಬೋಂ' 'ಬೋನ್' ಜೋಡಿಯಲ್ಲಿ ವ್ಯಂಜನ ಹೋಗುವುದರ ಜೊತೆಗೆ ಸ್ವರ ಮೂಗಿಗೆ ಏರುತ್ತದೆ. ಆದರೂ ದಿನಬಳಕೆಯ ಪದಗಳಲ್ಲಿ ಬಹಳಷ್ಟಕ್ಕೆ ಈ ಹಿಮ್ಮುಖ ದಾರಿ ನೇರವಾಗಿ ಅನ್ವಯಿಸುತ್ತದೆ. ಕೇಳಿ ಕಲಿಯಿರಿ ಎಂದು ಜಾಹೀರಾತಿನಲ್ಲಿ ಹೇಳಿಕೊಳ್ಳುವ ಆ್ಯಪ್ ಇದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಹೇಳದೆ ಬಿಟ್ಟಿದ್ದರಿಂದ ಮುಂದಿನ ಪಾಠವೂ ಕೆಟ್ಟಿದೆ. ಸುಂದರ, ಹೊಸ, ಹಳೆಯ ಎಂಬ ಅರ್ಥದ 'ಬೋ', 'ನುವೋ', 'ವ್ಯೊ' ಎಂಬ ಮೂರು ಪದಗಳು ಸ್ವರದಿಂದ ಆರಂಭವಾಗುವ ಪುಲ್ಲಿಂಗ ನಾಮಪದದ ಮುಂದೆ 'ಬೆಲ್', 'ನುವೆಲ್', 'ವ್ಯೇಯ್' ಆಗುತ್ತವೆ. ಸುಂದರ ಪುರುಷ 'ಬೆಲೋಮ್', ಹಳೆಯ ಗೆಳೆಯ 'ವ್ಯೇಯಾಮಿ', ಹೊಸ ವರ್ಷ 'ನುವೆಲಾಂ'. ಆ್ಯಪ್ ಇವನ್ನು ಮೂರು ಅಪವಾದಗಳೆಂದು ಹಳದಿ ಪೆಟ್ಟಿಗೆಯಲ್ಲಿ ಹಾಕಿ, ಕಂಠಪಾಠ ಮಾಡಿ ಎಂದು ಸೂಚಿಸಿ ಮುಂದೆ ಹೋಗುತ್ತದೆ. ಈ ರೂಪಗಳು ಬರಹದಲ್ಲಿ ಬೇರೆಯಾದರೂ ಉಚ್ಚಾರದಲ್ಲಿ ಆಯಾ ಪದದ ಸ್ತ್ರೀಲಿಂಗದ ರೂಪವೇ ಆಗಿವೆ ಎಂಬುದನ್ನು ಒಮ್ಮೆ ತೋರಿಸಿದರೆ ಕಂಠಪಾಠದ ಅಗತ್ಯವೇ ಇರುವುದಿಲ್ಲ. ಇದೇ ಕಾರಣದಿಂದ ಚಿಕ್ಕವ 'ಪೆತಿ' ಆದರೂ 'ಆಮಿ' ಎಂಬ ಗೆಳೆಯನ ಮುಂದೆ 'ಪೆತಿತಾಮಿ' ಆಗುತ್ತಾನೆ, 'ಬೋಂ' ಎಂಬುದು 'ಬೋನಾಮಿ' ಆಗುತ್ತದೆ. ಅಡಗಿದ್ದ ವ್ಯಂಜನ ಮುಂದಿನ ಸ್ವರವನ್ನು ಕಂಡಾಗ ಹೊರಬರುತ್ತದೆ ಎಂಬ ಒಂದೇ ತತ್ತ್ವ ಎಲ್ಲ ಕಡೆಯೂ ಕೆಲಸ ಮಾಡುತ್ತಿದೆ. 'ಗ್ರಾಂ' ಮಾತ್ರ ಇಲ್ಲಿ ಸ್ವಲ್ಪ ಹಟಮಾರಿ: ಬರಹದಲ್ಲಿ ದ್ ಇದ್ದರೂ 'ಓಮ್' ಎಂಬ ಪುರುಷನ ಮುಂದೆ 'ಗ್ರಾಂತೋಮ್' ಎಂದು ತ್ ಕೇಳಿಸುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಅಜ್ಜಿ 'ಗ್ರಾಂ ಮೆರ್' ಆಗಿಯೇ ಉಳಿದು 'ಗ್ರಾಂದ್ ಮೆರ್' ಆಗದಿರುವುದಕ್ಕೆ ಕಾರಣ ಈ ಗುಣವಾಚಕಕ್ಕೆ ಹಳೆಯ ಫ್ರೆಂಚಿನಲ್ಲಿ ಎರಡೂ ಲಿಂಗಗಳಿಗೆ ಒಂದೇ ರೂಪವಿದ್ದದ್ದು; ಲ್ಯಾಟಿನ್ನಿನಿಂದ ಬಂದ ಆ ಪದ್ಧತಿ ಮಾತಿನಿಂದ ಮಾಯವಾದರೂ ಅಜ್ಜಿಯ ಹೆಸರಿನಲ್ಲಿ ಉಳಿದುಕೊಂಡಿದೆ. ಆ್ಯಪ್ ಇದನ್ನೂ ಹಳದಿ ಪೆಟ್ಟಿಗೆಗೆ ಹಾಕಿದೆ.

ಕನ್ನಡದಲ್ಲಿಯೂ ಲಭ್ಯ ಎಂದು ಆ್ಯಪ್‌ನ ಪರಿಚಯದಲ್ಲಿ ಬರೆದಿದೆ. ಬಳಸಿ ನೋಡಿದರೆ ಗುಂಡಿಗಳೂ ಶೀರ್ಷಿಕೆಗಳೂ ಮಾತ್ರ ಕನ್ನಡದಲ್ಲಿವೆ. ವ್ಯಾಕರಣದ ವಿವರಣೆ ಪೂರ್ತಿ ಇಂಗ್ಲಿಷಿನಲ್ಲಿದೆ, ಉದಾಹರಣೆಗಳೂ ಇಂಗ್ಲಿಷಿನ ಮನಸ್ಸಿಗೆ ಹೊಂದುವಂಥವು. ಇದು ಅಭಿಮಾನದ ದೂರಲ್ಲ, ಕಲಿಕೆಯ ದೂರು. ಇಂಗ್ಲಿಷಿನ ಗುಣವಾಚಕ ಎಲ್ಲಿಯೂ ಬದಲಾಗುವುದಿಲ್ಲವಾದ್ದರಿಂದ ಹೊಂದಿಕೆ ಎಂಬ ಕಲ್ಪನೆಯನ್ನೇ ಇಂಗ್ಲಿಷಿನವರು ಮೊದಲಿನಿಂದ ಕಟ್ಟಬೇಕಾಗುತ್ತದೆ, ಅದಕ್ಕೆ ಆ್ಯಪ್ ನಾಲ್ಕು ಪರದೆಗಳನ್ನು ವ್ಯಯಿಸಿದೆ. ಕನ್ನಡಿಗನಿಗೆ ಅದರ ಅರ್ಧ ಈಗಾಗಲೇ ಗೊತ್ತು. ನಾಮಪದಕ್ಕಿಂತ ಮೊದಲು ಬರುವಾಗ ನಮ್ಮ ಗುಣವಾಚಕವೂ ಬದಲಾಗುವುದಿಲ್ಲ: ದೊಡ್ಡ ಮನೆ, ದೊಡ್ಡ ಮನೆಗಳು, ದೊಡ್ಡ ಹುಡುಗಿ. ಆದರೆ ಅದೇ ಪದ ವಾಕ್ಯದ ಕೊನೆಗೆ ಹೋಗಿ ಕೂತಾಗ ಮನೆ ದೊಡ್ಡದು, ಮನೆಗಳು ದೊಡ್ಡವು, ಹುಡುಗ ದೊಡ್ಡವನು, ಹುಡುಗಿ ದೊಡ್ಡವಳು, ಹುಡುಗರು ದೊಡ್ಡವರು ಎಂದು ಲಿಂಗವಚನಗಳಿಗೆ ತಕ್ಕಂತೆ ರೂಪ ಬದಲಿಸುತ್ತದೆ. 'ಎಲ್ ಎ ಗ್ರಾಂದ್' ಎಂಬ ಫ್ರೆಂಚ್ ವಾಕ್ಯವನ್ನು ಅವಳು ದೊಡ್ಡವಳು ಎಂಬ ವಾಕ್ಯದ ಪಕ್ಕದಲ್ಲಿಟ್ಟು, ನೀವು ಕೊನೆಯಲ್ಲಿ ಮಾಡುವ ಕೆಲಸವನ್ನು ಫ್ರೆಂಚರು ನಾಮಪದದ ಮಗ್ಗುಲಲ್ಲಿಯೂ ಮಾಡುತ್ತಾರೆ ಎಂದು ಹೇಳಿದರೆ ನಮ್ಮ ವಿದ್ಯಾರ್ಥಿಗೆ ಅಷ್ಟೇ ಸಾಕು.

ಅವನಿಗೆ ನಿಜವಾಗಿ ಕಷ್ಟವಾಗುವುದು ಬೇರೆಯ ಕಡೆ, ಮತ್ತು ಆ್ಯಪ್ ಅಲ್ಲಿ ಸುಮ್ಮನಿದೆ. ಕನ್ನಡದಲ್ಲಿ ಲಿಂಗ ಬಹುತೇಕ ಅರ್ಥವನ್ನು ಅನುಸರಿಸುತ್ತದೆ, ಮೇಜು ಕುರ್ಚಿಗಳು ನಪುಂಸಕ. ಫ್ರೆಂಚಿನಲ್ಲಿ ನಪುಂಸಕ ನಾಮಪದಗಳೇ ಇಲ್ಲ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮನುಷ್ಯರ ವಿಷಯದಲ್ಲಿಯೂ ಗುಣವಾಚಕ ವ್ಯಕ್ತಿಯ ಲಿಂಗವನ್ನಲ್ಲ, ಪದದ ಲಿಂಗವನ್ನು ಅನುಸರಿಸುತ್ತದೆ ಎಂಬುದನ್ನು ಹೇಳುವವರು ಕಡಿಮೆ. ವ್ಯಕ್ತಿ ಎಂಬ ಅರ್ಥದ 'ಪೆರ್ಸೋನ್', ಬಲಿಯಾದವರು ಎಂಬ ಅರ್ಥದ 'ವಿಕ್ತೀಮ್' ಎರಡೂ ಸ್ತ್ರೀಲಿಂಗ ಪದಗಳು; ಗಡ್ಡಮೀಸೆಯ ಗಂಡಸೊಬ್ಬನನ್ನು ಮುಖ್ಯ ವ್ಯಕ್ತಿ ಎನ್ನುವಾಗಲೂ ಗುಣವಾಚಕ ಸ್ತ್ರೀಲಿಂಗದಲ್ಲಿಯೇ ನಿಲ್ಲುತ್ತದೆ. ಇನ್ನು 'ಜಾಂ' ಎಂಬ ಜನರ ವಿಷಯ ವಿನೋದಮಯ. ಅದಕ್ಕಿಂತ ಮೊದಲು ಬರುವ ಗುಣವಾಚಕ ಸ್ತ್ರೀಲಿಂಗ, ನಂತರ ಬರುವುದು ಪುಲ್ಲಿಂಗ: ಒಳ್ಳೆಯ ಜನ 'ಬೋನ್ ಜಾಂ', ಸುಖವಾಗಿರುವ ಜನ 'ಜಾಂ ಎರೊ'. ಒಂದೇ ಪದ ಎರಡು ಕೈಗಳಲ್ಲಿ ಎರಡು ಲಿಂಗಗಳನ್ನು ಹಿಡಿದು ನಿಲ್ಲುವ ಇಂಥ ಉದಾಹರಣೆ ಆರಂಭದ ವಿದ್ಯಾರ್ಥಿಗೆ ಬೇಡ, ಒಪ್ಪುತ್ತೇನೆ. ಉನ್ನತ ಹಂತ ಎಂದು ಹೆಸರಿಟ್ಟು ಹೆಚ್ಚಿನ ಹಣ ಪಡೆಯುವ ಭಾಗದಲ್ಲಿಯೂ ಇಲ್ಲದಿದ್ದರೆ ಆ ಹಂತಕ್ಕೆ ಆ ಹೆಸರು ಏಕೆ?

ಗುಣವಾಚಕದ ಸ್ಥಾನದ ಪಾಠ ಎಲ್ಲಕ್ಕಿಂತ ದುರ್ಬಲ, ಏಕೆಂದರೆ ವಿಷಯ ಎಲ್ಲಕ್ಕಿಂತ ಸಮೃದ್ಧವಾಗಿರುವುದೂ ಅಲ್ಲಿಯೇ. ಫ್ರೆಂಚಿನಲ್ಲಿ ಗುಣವಾಚಕ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ. ಅಂದ, ವಯಸ್ಸು, ಒಳಿತು ಕೆಡುಕು, ಗಾತ್ರ ಎಂಬ ನಾಲ್ಕು ಬಗೆಯ ಕೆಲವು ಚಿಕ್ಕ ಪದಗಳು ಮೊದಲು ಬರುತ್ತವೆ. ಆ್ಯಪ್ ಈ ನಾಲ್ಕು ಬಗೆಗಳ ಸೂತ್ರವನ್ನು ಕೊಟ್ಟು, 'ಯೂನ್ ಪೆತೀತ್ ಮೆಜೋಂ ಬ್ಲಾಂಶ್', ಅಂದರೆ ಒಂದು ಚಿಕ್ಕ ಬಿಳಿ ಮನೆ, ಎಂಬ ಉದಾಹರಣೆ ನೀಡಿ ಕೈತೊಳೆದುಕೊಳ್ಳುತ್ತದೆ. ಉದಾಹರಣೆ ಚೆನ್ನಾಗಿದೆ, ಮನೆಯ ಎರಡೂ ಬದಿಗಳಲ್ಲಿ ಒಂದೊಂದು ಗುಣವಾಚಕ ನಿಂತಿರುವುದು ಕಣ್ಣಿಗೆ ಕಾಣುತ್ತದೆ. ಆದರೆ ಸ್ಥಾನ ಬದಲಾದರೆ ಅರ್ಥವೇ ಬದಲಾಗುವ ಪದಗಳಿಗೆ ಸಿಕ್ಕಿರುವುದು ಒಂದೇ ಪರದೆ, ಅದರಲ್ಲಿ ಮೂರೇ ಪದಗಳು. 'ಮೋನ್ ಆಂಸ್ಯೆನ್ ಮೆಜೋಂ' ಎಂದರೆ ನಾನು ಹಿಂದೆ ವಾಸವಿದ್ದ ಮನೆ, ಅದು ಕಳೆದ ವರ್ಷ ಕಟ್ಟಿದ್ದೂ ಆಗಿರಬಹುದು. 'ಮೆಜೋಂ ಆಂಸ್ಯೆನ್' ಎಂದರೆ ಹಳೆಯ ಕಾಲದ ಮನೆ. 'ಪ್ರೋಪ್ರ್' ಮುಂಚೆ ಬಂದರೆ ಸ್ವಂತ ಕೋಣೆ, ನಂತರ ಬಂದರೆ ಚೊಕ್ಕ ಕೋಣೆ. 'ಶೆರ್' ಗೆಳೆಯನ ಮುಂಚೆ ಬಂದರೆ ಪ್ರೀತಿಯ ಗೆಳೆಯ, ಹೋಟೆಲಿನ ನಂತರ ಬಂದರೆ ದುಬಾರಿ ಹೋಟೆಲು. 'ಪೋವ್ರ್' ಮುಂಚೆ ಬಂದರೆ ಪಾಪದ ಮನುಷ್ಯ, ನಂತರ ಬಂದರೆ ಬಡ ಮನುಷ್ಯ. 'ಸೆಮೇನ್ ದೆರ್ನ್ಯೆರ್' ಎಂದರೆ ಹೋದ ವಾರ, 'ದೆರ್ನ್ಯೆರ್ ಸೆಮೇನ್' ಎಂದರೆ ರಜೆಯದೋ ಕೋರ್ಸಿನದೋ ಕೊನೆಯ ವಾರ. ಪರೀಕ್ಷೆಯ ಬರವಣಿಗೆಯಲ್ಲಿ ಹೋದ ವಾರ ಎಂಬುದು ಎಷ್ಟು ಸಲ ಬರುತ್ತದೆ ಎಂದು ಯೋಚಿಸಿದರೆ, ಈ ಕೊನೆಯ ಜೋಡಿಯನ್ನು ಬಿಟ್ಟದ್ದು ಸಣ್ಣ ಲೋಪವಲ್ಲ.

ಇದರ ಪರಿಣಾಮ ಅಭ್ಯಾಸದಲ್ಲಿ ಕಾಣಿಸುತ್ತದೆ. ಹೊಸ ಕಾರು ಎಂಬುದನ್ನು ಫ್ರೆಂಚಿಗೆ ತರಬೇಕಾದ ಒಂದು ಪ್ರಶ್ನೆಯಿದೆ. ಚಿತ್ರದಲ್ಲಿ ಷೋರೂಮಿನ ಕಾರಿದೆ, ಬಾನೆಟ್ ಮೇಲೆ ಕೆಂಪು ರಿಬ್ಬನ್ ಕಟ್ಟಿದ್ದಾರೆ. 'ವ್ವಾತ್ಯೂರ್ ನೆವ್' ಎಂದು ಬರೆದರೆ ಆ್ಯಪ್ ತಪ್ಪು ಎಂದು ಕೆಂಪು ತೋರಿಸಿ, 'ನುವೆಲ್ ವ್ವಾತ್ಯೂರ್' ಒಂದೇ ಸರಿ ಎನ್ನುತ್ತದೆ. ನಿಜಕ್ಕೆ ಆ ಚಿತ್ರಕ್ಕೆ ಮೊದಲನೆಯದೇ ಹೆಚ್ಚು ಒಪ್ಪುವ ಉತ್ತರ. 'ನೆಫ್', ಸ್ತ್ರೀಲಿಂಗದಲ್ಲಿ 'ನೆವ್', ಎಂಬುದು ಇನ್ನೂ ಯಾರೂ ಬಳಸದ ವಸ್ತುವಿನ ಹೊಸತನ; ಮುಂಚೆ ಬರುವ 'ನುವೆಲ್' ಎಂಬುದು ಈಗ ನಮ್ಮ ಬಳಿಗೆ ಬಂದದ್ದರ ಹೊಸತನ, ಎರಡನೆಯ ಕೈಯ ಕಾರನ್ನು ಕೊಂಡವನೂ ಅದನ್ನು ಹಾಗೆ ಕರೆಯಬಹುದು. ಪ್ಯಾರಿಸ್ ನಗರದಲ್ಲಿ ಸೇನ್ ನದಿಯ ಮೇಲೆ ಇಂದು ನಿಂತಿರುವ ಸೇತುವೆಗಳಲ್ಲಿ ಅತ್ಯಂತ ಹಳೆಯದು 1607ರಲ್ಲಿ ಪೂರ್ಣಗೊಂಡ 'ಪೋಂ ನೆಫ್', ಅಂದರೆ ಹೊಚ್ಚಹೊಸ ಸೇತುವೆ. ಗುಣವಾಚಕ ಹೆಸರಿಗೆ ಅಂಟಿಕೊಂಡ ಮೇಲೆ ವಯಸ್ಸು ಅದನ್ನು ಮುಟ್ಟುವುದಿಲ್ಲ. ಆ ಪ್ರಶ್ನೆಯ ಕೆಳಗಿರುವ ದೋಷ ವರದಿ ಮಾಡಿ ಎಂಬ ಗುಂಡಿಯನ್ನು ಒತ್ತಿ ವಿವರ ಬರೆದು ಕಳಿಸಿದ್ದೆ. ಧನ್ಯವಾದ ಎಂಬ ಸ್ವಯಂಚಾಲಿತ ಉತ್ತರ ಬಂದಿದೆ, ಪ್ರಶ್ನೆ ಹಾಗೆಯೇ ಇದೆ.

ಇನ್ನೆರಡು ಸಣ್ಣ ವಿಷಯಗಳು. 'ಆಲ್' ಎಂದು ಮುಗಿಯುವ ಪುಲ್ಲಿಂಗ ಗುಣವಾಚಕಗಳ ಬಹುವಚನ 'ಓ' ಎಂದಾಗುತ್ತದೆ ಎಂದು, 'ನಾಸ್ಯೊನಾಲ್' 'ನಾಸ್ಯೊನೋ' ಜೋಡಿಯನ್ನು ತೋರಿಸಿ ಆ್ಯಪ್ ಹೇಳುತ್ತದೆ. 'ಫತಾಲ್', 'ನವಾಲ್', 'ನತಾಲ್' ಮುಂತಾದ ಕೆಲವು ಪದಗಳು ಎಸ್ ಅನ್ನಷ್ಟೇ ಪಡೆಯುತ್ತವೆ ಎಂಬುದನ್ನು ಹೇಳುವುದಿಲ್ಲ. ಗುಣವಾಚಕ ಮುಂಚೆ ಬಂದಾಗ ಬಹುವಚನದ 'ದೆ' ಎಂಬ ಉಪಪದ ಎಚ್ಚರಿಕೆಯ ಬರಹದಲ್ಲಿ ಮೊಟಕಾಗಿ 'ದ' ಆಗುತ್ತದೆ, ಆದರೆ ಬಟಾಣಿಯನ್ನು ಸೂಚಿಸುವ 'ಪೆತಿ ಪ್ವಾ' ಎಂಬಂಥ ಬೆಸೆದ ಪದದ ಮುಂದೆ ಹಾಗಾಗುವುದಿಲ್ಲ ಎಂಬ ನಿಯಮವೂ ಕಾಣೆಯಾಗಿದೆ.

ಗಂಡಸರೂ ಹೆಂಗಸರೂ ಒಟ್ಟಿಗೆ ಇರುವಾಗ ಗುಣವಾಚಕ ಯಾವ ಲಿಂಗದಲ್ಲಿರಬೇಕು ಎಂಬ ಪ್ರಶ್ನೆಗೆ ಆ್ಯಪ್ ಪುಲ್ಲಿಂಗ ಬಹುವಚನ ಎಂದು ಒಂದು ವಾಕ್ಯದಲ್ಲಿ ಉತ್ತರಿಸಿದೆ. ಪರೀಕ್ಷೆಗೆ ಆ ಉತ್ತರ ಸಾಕು. ಆದರೆ ಫ್ರಾನ್ಸಿನಲ್ಲಿ ಇದು ಬಿಸಿಬಿಸಿ ಚರ್ಚೆಯ ವಿಷಯ ಎಂಬ ಒಂದು ಟಿಪ್ಪಣಿಯಾದರೂ ಇರಬಹುದಿತ್ತು. 17ನೆಯ ಶತಮಾನದಲ್ಲಿಯೂ ಗುಣವಾಚಕವನ್ನು ತನಗೆ ಹತ್ತಿರವಿರುವ ನಾಮಪದದೊಂದಿಗೆ ಹೊಂದಿಸುವ ರೂಢಿ ಜೀವಂತವಾಗಿತ್ತು. ಪುಲ್ಲಿಂಗವೇ ಮೇಲು ಎಂಬ ನಿಯಮ ಗಟ್ಟಿಯಾದದ್ದು ವ್ಯಾಕರಣಕಾರರ ಕಾಲಾನಂತರದ ಪ್ರಯತ್ನದಿಂದ. 2017ರ ನವೆಂಬರಿನಲ್ಲಿ 314 ಮಂದಿ ಶಿಕ್ಷಕರು ಈ ನಿಯಮವನ್ನು ಇನ್ನು ಮುಂದೆ ಕಲಿಸುವುದಿಲ್ಲ ಎಂದು ಬಹಿರಂಗವಾಗಿ ಸಹಿ ಹಾಕಿದರು. ಅದೇ ತಿಂಗಳು ಪ್ರಧಾನಿ ಎದುವಾರ್ ಫಿಲಿಪ್ ಅವರ ಸುತ್ತೋಲೆ, ಅಧಿಕೃತ ಪತ್ರಗಳಲ್ಲಿ ಪುಲ್ಲಿಂಗವನ್ನೇ ಎರಡಕ್ಕೂ ಸಲ್ಲುವ ರೂಪವೆಂದು ಬಳಸಬೇಕು ಎಂದಿತು. ದೊಡ್ಡವರು ಎಂಬ ಒಂದೇ ರೂಪದಲ್ಲಿ ಹೆಣ್ಣು ಗಂಡುಗಳಿಬ್ಬರನ್ನೂ ಹೇಳಿ ಮುಗಿಸುವ ನಮಗೆ ಈ ಜಗಳ ದೂರದ್ದೆನಿಸಬಹುದು, ಆದರೆ ಫ್ರೆಂಚ್ ಪತ್ರಿಕೆ ಓದುವ ಹಂತಕ್ಕೆ ಬಂದವರಿಗೆ ಇದು ಗೊತ್ತಿರಬೇಕು.

ಬೆಲೆಯ ವಿಚಾರ ಹೇಳುವುದಾದರೆ, ವಾರ್ಷಿಕ ಚಂದಾದ ಮೊತ್ತದಲ್ಲಿ ಒಳ್ಳೆಯ ವ್ಯಾಕರಣ ಪುಸ್ತಕಗಳನ್ನು ಒಂದಕ್ಕಿಂತ ಹೆಚ್ಚು ಕೊಳ್ಳಬಹುದು. ಅವಧಿ ಮುಗಿದಾಗ ಚಂದಾ ತಾನಾಗಿ ನವೀಕರಣವಾಗುತ್ತದೆ, ರದ್ದು ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನ ಒಳಗಿನ ಒಳಗಿದೆ. ಡೆಲ್ಫ್ ಎಂಬ ಫ್ರೆಂಚ್ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿಗೂ ತಲಾ 25 ಅಂಕ, ಪ್ರತಿ ಭಾಗದಲ್ಲಿಯೂ ಕನಿಷ್ಠ 5 ಬಂದು ಒಟ್ಟು 100ಕ್ಕೆ 50 ಬಂದರೆ ಉತ್ತೀರ್ಣ. ಇದರಲ್ಲಿ ಓದು ಮತ್ತು ಆರಂಭದ ಬರವಣಿಗೆಗೆ ಈ ಆ್ಯಪ್ ನೆರವಾದೀತು, ಕೇಳುವುದಕ್ಕೂ ಮಾತಿಗೂ ಇದನ್ನೇ ನಂಬುವಂತಿಲ್ಲ. ಪಿಯುಸಿ ವಿದ್ಯಾರ್ಥಿಗೆ ರೂಪಗಳ ಅಭ್ಯಾಸಕ್ಕಾಗಿ ಒಂದು ತಿಂಗಳ ಚಂದಾ ಸಾಕು. ಕೆನಡಾದ ಪರೀಕ್ಷೆಗೆ ಸಿದ್ಧರಾಗುವವರು ಕಿವಿಯ ಅಭ್ಯಾಸಕ್ಕೆ ಆರ್‌ಎಫ್‌ಐ ಮತ್ತು ಟಿವಿ5 ಮೋಂದ್ ಪ್ರಸಾರ ಸಂಸ್ಥೆಗಳು ಉಚಿತವಾಗಿ ಕೊಡುವ ಪಾಠಗಳಿಗೆ ಹೋಗುವುದು ಲೇಸು. ಸ್ಥಾನ ಬದಲಾದರೆ ಅರ್ಥ ಬದಲಾಗುವ ಪದಗಳನ್ನು ಪರಿಶೀಲಿಸಲು, ಓದುವಷ್ಟು ಫ್ರೆಂಚ್ ಬಂದ ಮೇಲೆ, ಫ್ರಾನ್ಸಿನ ಸಿಎನ್‌ಆರ್‌ಟಿಎಲ್ ಜಾಲತಾಣದಲ್ಲಿರುವ 16 ಸಂಪುಟಗಳ ದೊಡ್ಡ ನಿಘಂಟು ಯಾವ ಶುಲ್ಕವೂ ಇಲ್ಲದೆ ಸಿಗುತ್ತದೆ.

ಕೊಳ್ಳಲೇಬೇಕೆಂದಿರುವವರು ಒಂದು ಸಂಗತಿಯನ್ನು ಗಮನಿಸಬೇಕು: ಉಚಿತ ಪ್ರಯೋಗದ ಅವಧಿಯಲ್ಲಿ ತೆರೆದಿರುವುದು ಶುಭಾಶಯ ಮತ್ತು ಸಂಖ್ಯೆಗಳ ಪಾಠಗಳು ಮಾತ್ರ, ಗುಣವಾಚಕದ ಪಾಠಗಳಿಗೆ ಬೀಗ ಬಿದ್ದಿದೆ. ಗ್ರಾಹಕ ಸೇವೆಗೆ ಬರೆದು ಆ ಘಟಕದ ಒಂದು ಪಾಠವನ್ನು ಮಾದರಿಯಾಗಿ ತೆರೆಯಲು ಕೇಳಿದರೆ ಎರಡು ದಿನಗಳ ಮಟ್ಟಿಗೆ ತೆರೆದುಕೊಡುತ್ತಾರೆ. ಸ್ಥಾನದ ಪಾಠವನ್ನೇ ಕೇಳಿ ಪಡೆಯುವುದು ಒಳ್ಳೆಯದು.